ದೂರು ಕೊಟ್ಟೆವು, ಕೈ ತೊಳೆದುಕೊಂಡೆವು

ಮಕ್ಕಳ ರಕ್ಷಣೆಯ ಕುರಿತ ಯಾವ ತರಬೇತಿಗೆ ಹೋದರೂ ಈಗ ಒಂದು ಮಾತು ಕಿವಿಗೆ ಬೀಳುತ್ತದೆ. ‘ಹುಡುಗಿಗೆ ಹದಿನೆಂಟು ತುಂಬಿಲ್ಲ ಅಂತ ಗೊತ್ತಾದ ತಕ್ಷಣ ಪೊಲೀಸರಿಗೆ ತಿಳಿಸಿಬಿಡಿ. ಕಾನೂನು ಸ್ಪಷ್ಟವಾಗಿದೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ.’ ವೇದಿಕೆಯ ಮೇಲಿನವರು ಹೇಳುತ್ತಾರೆ. ಕೆಳಗೆ ಕೂತ ಆಪ್ತ ಸಮಾಲೋಚಕಿಯರು, ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತರು, ಅಂಗನವಾಡಿ ಮೇಲ್ವಿಚಾರಕಿಯರು ಬರೆದುಕೊಳ್ಳುತ್ತಾರೆ. ತಿಳಿಸಬೇಕು ಎಂಬ ಮಾತಿಗೆ ನನ್ನ ತಕರಾರಿಲ್ಲ. ಯೋಚಿಸುವಂಥದ್ದು ಏನೂ ಇಲ್ಲ ಎಂಬ ಮಾತು ಮಾತ್ರ ಸುಳ್ಳು. ಅದನ್ನು ನಂಬಿ ನಡೆದದ್ದರಿಂದ ಎಷ್ಟೋ ಹುಡುಗಿಯರ ಬದುಕು ಹದಗೆಟ್ಟಿದೆ, ಅದಕ್ಕೆ ಯಾರೂ ಲೆಕ್ಕ ಕೊಟ್ಟಿಲ್ಲ.

ಮೊದಲು ಕಾನೂನನ್ನೇ ನೋಡೋಣ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ಗೊತ್ತಿರುವ, ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಸೋದರಮಾವ, ಮೇಷ್ಟ್ರು, ಹಾಸ್ಟೆಲಿನ ವಾರ್ಡನ್, ಕೆಲವೊಮ್ಮೆ ಹೆತ್ತ ತಂದೆ ಮಗುವಿನ ಮೇಲೆ ಎರಗಿದ್ದನ್ನು ಮನೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುತ್ತಿದ್ದ ಸಮಾಜ ನಮ್ಮದು. ಈಗಲೂ ಮುಚ್ಚಿಡುತ್ತದೆ. ಆ ಮೌನವನ್ನು ಒಡೆಯಲು ಬಂದ ಕಾನೂನನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡವರನ್ನು ನಾನು ಸಮಾಜಕಾರ್ಯಕರ್ತರೆಂದು ಕರೆಯುವುದೂ ಇಲ್ಲ.

ನನ್ನ ಜಗಳ ಇರುವುದು ದೂರು ಕೊಟ್ಟ ಗಳಿಗೆಗೇ ತಮ್ಮ ನೈತಿಕ ಹೊಣೆ ಮುಗಿಯಿತೆಂದು ನಂಬುವವರ ಜೊತೆ.

ರಾಜ್ಯದ ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಗರ್ಭಿಣಿಯರ ತಪಾಸಣೆಯ ದಿನವನ್ನು ಕಣ್ಣಮುಂದೆ ತಂದುಕೊಳ್ಳಿ. ಕಲಬುರಗಿಯ ಕಡೆಯದೋ ಬಾಗಲಕೋಟೆಯ ಕಡೆಯದೋ ಇರಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ಈ ಸಾಲಿನಲ್ಲಿ ಅಂಥವಳೊಬ್ಬಳು ನಿಂತಿರುವುದು ಅಪರೂಪವಲ್ಲ. ‘ಆಧಾರ್ ತಂದೀಯೇನವ್ವಾ?’ ಎಂದು ಸಿಸ್ಟರ್ ಕೇಳುತ್ತಾರೆ. ಹುಡುಗಿ ಬಾಯಿ ಬಿಡುವುದಿಲ್ಲ. ಅತ್ತೆ ಮುಂದೆ ಬಂದು, ‘ಹದಿನೆಂಟು ತುಂಬ್ಯಾವ್ರೀ, ಕಾರ್ಡಿನ್ಯಾಗ ತಪ್ಪು ಬಿದ್ದೈತಿ’ ಅನ್ನುತ್ತಾಳೆ. ತಾಯಿ ಕಾರ್ಡಿನಲ್ಲಿ ವಯಸ್ಸಿನ ಜಾಗ ಖಾಲಿ ಉಳಿಯುತ್ತದೆ. ಕರೆತಂದ ಆಶಾ ಕಾರ್ಯಕರ್ತೆ ಗೋಡೆ ನೋಡುತ್ತ ನಿಲ್ಲುತ್ತಾಳೆ. ನಾಳೆಯೂ ಅವಳು ಅದೇ ಓಣಿಯಲ್ಲಿ ಬದುಕಬೇಕು. ಆಗ ಸಿಸ್ಟರ್ ಆಪ್ತ ಸಮಾಲೋಚಕಿಯನ್ನು ಕರೆಸುತ್ತಾರೆ.

ಮುಂದಿನ ಒಂದು ಗಂಟೆಯಲ್ಲಿ ಈ ಸಮಾಲೋಚಕಿ ಏನು ಮಾಡುತ್ತಾಳೆ ಎಂಬುದು ಪೂರ್ತಿ ಅವಳ ಕೈಯಲ್ಲಿದೆ. ಹುಡುಗಿಯನ್ನು ಅತ್ತೆಯಿಂದ ಬೇರೆ ಮಾಡಿ ಮಾತಾಡಿಸುತ್ತಾಳೋ, ಎಲ್ಲರೆದುರು ವಿಚಾರಣೆ ಮಾಡುತ್ತಾಳೋ? ಈ ಮದುವೆ ಬಲವಂತದ್ದೋ, ಹುಡುಗಿಯೇ ಇಷ್ಟಪಟ್ಟು ಹೋದದ್ದೋ, ಗಂಡ ಹತ್ತೊಂಬತ್ತರವನೋ ಮೂವತ್ತೈದರವನೋ, ಮನೆಯಲ್ಲಿ ಹೊಡೆತವಿದೆಯೋ ಎಂದು ಕೇಳಿ ತಿಳಿದುಕೊಳ್ಳುತ್ತಾಳೋ, ಹುಟ್ಟಿದ ತಾರೀಖು ನೋಡಿದೊಡನೆ ಫೋನ್ ಎತ್ತುತ್ತಾಳೋ? ಇವತ್ತು ಸಂಜೆ ಪೊಲೀಸರು ಬಂದರೆ ಹುಡುಗಿ ಎಲ್ಲಿ ಮಲಗುತ್ತಾಳೆ ಎಂದು ಮೊದಲೇ ಗೊತ್ತುಮಾಡಿರುತ್ತಾಳೋ? ಗರ್ಭದ ಬಗ್ಗೆ ಹುಡುಗಿಯ ಮನಸ್ಸು ಏನೆಂದು ಕೇಳುತ್ತಾಳೋ? ಈ ಯಾವುದಕ್ಕೂ 19ನೇ ಕಲಂ ಉತ್ತರ ಹೇಳುವುದಿಲ್ಲ. ‘ಕಾನೂನು ಹೀಗಿದೆ, ನಾವೇನು ಮಾಡೋಕಾಗುತ್ತೆ’ ಎನ್ನುವವರು ಈ ಅಷ್ಟೂ ನಿರ್ಧಾರಗಳನ್ನು ತಾವೇ ಮಾಡಿರುತ್ತಾರೆ. ಯೋಚಿಸದೆ ಮಾಡಿರುತ್ತಾರೆ, ಆಮೇಲೆ ಅವುಗಳ ಭಾರವನ್ನು ಕಾಯ್ದೆಯ ತಲೆಗೆ ಕಟ್ಟುತ್ತಾರೆ.

ಇದರಲ್ಲೆಲ್ಲ ನನಗೆ ಹೆಚ್ಚು ಸಿಟ್ಟು ಬರಿಸುವುದು ಗುಟ್ಟಿನ ಹೆಸರಿನಲ್ಲಿ ನಡೆಯುವ ದ್ರೋಹ. ಹುಡುಗಿ ಬಾಯಿ ಬಿಡಲೆಂದು ‘ನನ್ನ ಹತ್ರ ಹೇಳು, ಯಾರಿಗೂ ಹೇಳಲ್ಲ’ ಅನ್ನುತ್ತಾರೆ. ಅವಳು ನಂಬುತ್ತಾಳೆ, ಅತ್ತು ಹೇಳಿಕೊಳ್ಳುತ್ತಾಳೆ. ಮರುದಿನ ಮನೆ ಮುಂದೆ ಜೀಪು ನಿಲ್ಲುತ್ತದೆ. ಆ ಹುಡುಗಿ ಮತ್ತೆ ಯಾವ ಸಮಾಲೋಚಕಿಯೆದುರು, ಯಾವ ಡಾಕ್ಟರೆದುರು, ಯಾವ ಟೀಚರೆದುರು ಬಾಯಿ ತೆರೆದಾಳು? 1957ರಲ್ಲಿ ಫೆಲಿಕ್ಸ್ ಬೀಸ್ಟೆಕ್ ವ್ಯಕ್ತಿಗತ ಸಮಾಜಕಾರ್ಯದ ಏಳು ತತ್ವಗಳನ್ನು ಬರೆದ. ಗೋಪ್ಯತೆ ಅದರಲ್ಲೊಂದು, ಸ್ವನಿರ್ಧಾರ ಇನ್ನೊಂದು. ನಮ್ಮ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳು ಏಳನ್ನೂ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆ ತತ್ವಗಳಿಗೆ ಮಿತಿಯಿದೆ, ಆ ಮಿತಿಯನ್ನು ಎದುರಿಗೆ ಕೂತವಳಿಗೆ ಮೊದಲೇ ಹೇಳುವುದು ತಮ್ಮ ಕರ್ತವ್ಯ ಎಂಬುದು ಮಾತ್ರ ಅವರ ಕ್ಷೇತ್ರಕಾರ್ಯದ ಡೈರಿಗಳಲ್ಲಿ ಕಾಣಸಿಗುವುದು ತೀರಾ ಕಡಿಮೆ.

ಹೇಳುವುದೇನೂ ಕಷ್ಟವಲ್ಲ. ‘ನೋಡವ್ವಾ, ನೀ ಹೇಳೋ ಮಾತು ನನ್ನ ಹತ್ರಾನ ಇರ್ತಾವು. ಆದ್ರ ಒಂದು ವಿಷಯ ಈಗ ಹೇಳಿಬಿಡ್ತೀನಿ. ಹದಿನೆಂಟು ಆಗದಾಕಿ ಮೈ ಯಾರರ ಮುಟ್ಯಾರ ಅಂತ ಗೊತ್ತಾತಂದ್ರ ಕಾಯ್ದೆ ಪ್ರಕಾರ ನಾ ತಿಳಸಾಕಬೇಕು. ತಿಳಸೂ ಮೊದಲ ನಿನಗ ಹೇಳತೀನಿ. ಅವತ್ತ ನಿನ್ನ ಜೋಡಿ ನಾನೂ ಇರ್ತೀನಿ. ಈಗ ಎಷ್ಟ ಹೇಳಬೇಕು ಅನ್ನೂದು ನಿನಗ ಬಿಟ್ಟಿದ್ದು.’ ಇಷ್ಟು ಹೇಳಲು ಒಂದು ನಿಮಿಷ ಸಾಕು. ಹೀಗೆ ಹೇಳಿದರೆ ಹುಡುಗಿಯರು ಬಾಯಿಯೇ ಬಿಡುವುದಿಲ್ಲ, ಅಪರಾಧಿ ತಪ್ಪಿಸಿಕೊಳ್ಳುತ್ತಾನೆ ಎಂಬ ವಾದ ಕೇಳಿದ್ದೇನೆ. ಕೆಲವರು ಬಿಡಲಿಕ್ಕಿಲ್ಲ, ಆ ಕಷ್ಟ ನಿಜವಾದದ್ದೇ. ಆದರೆ ಮೋಸದಿಂದ ಹೊರಡಿಸಿದ ಮಾತು ಕೋರ್ಟಿನ ತನಕ ಬಾಳುವುದಿಲ್ಲ. ಸಾಕ್ಷಿಕಟ್ಟೆಯಲ್ಲಿ ನಿಂತು ಎಲ್ಲವನ್ನೂ ಅಲ್ಲಗಳೆಯುವ ಹುಡುಗಿಯರಲ್ಲಿ ಅನೇಕರು ಮೊದಲ ದಿನವೇ ನಂಬಿಕೆ ಕಳೆದುಕೊಂಡವರು.

ಇನ್ನೊಂದು ಮಾತು. ಕಾನೂನಿನ ಹೆಸರು ಹೇಳುವವರು ಕಾನೂನನ್ನಾದರೂ ಪೂರ್ತಿ ಓದಿದ್ದಾರೆಯೇ? ಪೋಕ್ಸೊದ 24ನೇ ಕಲಮಿನಂತೆ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಪಡೆಯಬೇಕು, ಆಗ ಅವರು ಸಮವಸ್ತ್ರದಲ್ಲಿರಬಾರದು, ರಾತ್ರಿ ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. 19ನೇ ಕಲಮೇ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಹೋಗಬೇಕು ಎನ್ನುತ್ತದೆ. ವೈದ್ಯಕೀಯ ತಪಾಸಣೆಗೆ ಒಪ್ಪಿಗೆ ಬೇಕು. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಂ ಮಗುವಿನ ಮಾತಿಗೆ ಬೆಲೆ ಕೊಡಬೇಕು ಎನ್ನುತ್ತದೆ. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಿರಬೇಕು ಎಂದೂ ಹೇಳುತ್ತದೆ. ಹಾಗಿದ್ದೂ ‘ಸದ್ಯಕ್ಕೆ ಬಾಲಮಂದಿರಕ್ಕೆ ಕಳಿಸಿ’ ಎಂಬುದು ನಮ್ಮಲ್ಲಿ ಮೊದಲ ದಾರಿಯಾಗಿದೆ, ಏಕೆಂದರೆ ಅದು ಎಲ್ಲರಿಗೂ ಸುಲಭ. ಠಾಣೆಯಲ್ಲಿ ಈ ಕಲಮುಗಳನ್ನು ಹೆಸರಿಟ್ಟು ಕೇಳುವ ಒಬ್ಬ ಸಮಾಜಕಾರ್ಯಕರ್ತೆ ಜೊತೆಗಿದ್ದರೆ ಹುಡುಗಿಯ ಆ ರಾತ್ರಿಯೇ ಬೇರೆ ಥರ ಇರುತ್ತದೆ.

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿನ ಬಗ್ಗೆ ಕೊಟ್ಟ ತೀರ್ಪನ್ನೂ ಇಲ್ಲಿ ನೆನೆಯಬೇಕು. ಅಪ್ರಾಪ್ತೆಯೊಬ್ಬಳು ಗರ್ಭಪಾತಕ್ಕೆ ಬಂದಾಗ, ಅವಳೂ ಪೋಷಕರೂ ಕೇಳಿಕೊಂಡರೆ, ವೈದ್ಯರು 19ನೇ ಕಲಮಿನ ವರದಿಯಲ್ಲಿ ಅವಳ ಹೆಸರು, ಗುರುತು ಬಹಿರಂಗಪಡಿಸಬೇಕಿಲ್ಲ ಎಂದು ಕೋರ್ಟ್ ಹೇಳಿತು. ಪೊಲೀಸರ ಭಯಕ್ಕೆ ಹುಡುಗಿಯರು ನಾಟಿ ಔಷಧಿ ಕೊಡುವವರ ಕೈಗೆ ಬೀಳಬಾರದು ಎಂಬ ಕಾಳಜಿ ಅದರ ಹಿಂದಿತ್ತು. ಯೋಚಿಸುವಂಥದ್ದು ಏನೂ ಇಲ್ಲ ಎಂದು ಇವರು ಹೇಳುವ ಅದೇ ಕಲಮಿನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ತೂಗಿ ನೋಡಬೇಕಾದ ಎರಡು ಹಿತಗಳು ಕಂಡವು. ಎಷ್ಟು ತಾಲ್ಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ಈ ತೀರ್ಪಿನ ಸಾರ ಅಂಟಿಸಿದ್ದಾರೆ? ಎಷ್ಟು ತರಬೇತಿಗಳಲ್ಲಿ ಇದನ್ನು ಹೇಳಿಕೊಡುತ್ತಿದ್ದಾರೆ?

ಓಡಿಹೋದ ಜೋಡಿಗಳ ಪ್ರಕರಣದಲ್ಲಿ ವಿಷಯ ಇನ್ನೂ ಜಟಿಲ. ಹುಡುಗಿಗೆ ಹದಿನೇಳು, ಹುಡುಗನಿಗೆ ಇಪ್ಪತ್ತು, ಜಾತಿ ಬೇರೆ. ಬಹಳ ಸಲ ಹುಡುಗ ಕೆಳಗಿನ ಕೇರಿಯವನು. ಅಪ್ಪ ಅಪಹರಣದ ದೂರು ಕೊಡುತ್ತಾನೆ, ಪೋಕ್ಸೊ ಸೇರಿಕೊಳ್ಳುತ್ತದೆ, ಹುಡುಗ ಜೈಲಿಗೆ, ಹುಡುಗಿ ಬಾಲಮಂದಿರಕ್ಕೆ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ ವಿಶೇಷ ನ್ಯಾಯಾಲಯಗಳು 2016ರಿಂದ 2020ರವರೆಗೆ ಕೊಟ್ಟ 7,064 ತೀರ್ಪುಗಳನ್ನು ಓದಿ ನೋಡಿತು. ಅವುಗಳಲ್ಲಿ 1,715, ಅಂದರೆ ಸುಮಾರು ಕಾಲು ಭಾಗ, ಪ್ರೇಮ ಸಂಬಂಧದವು. ದೂರು ಕೊಟ್ಟವರಲ್ಲಿ ಹೆಚ್ಚಿನವರು ಹುಡುಗಿಯ ತಂದೆತಾಯಿ, ನೆಂಟರು. ನಮ್ಮ ಹೈಕೋರ್ಟಿನ ಧಾರವಾಡ ಪೀಠವೂ 2022ರ ನವೆಂಬರಿನಲ್ಲಿ ಇಂಥದೊಂದು ಪ್ರಕರಣ ಕೇಳುವಾಗ, ನೆಲದ ವಾಸ್ತವ ನೋಡಿ ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮರುಚಿಂತಿಸಬೇಕಾಗುತ್ತದೆ ಎಂದಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಿಕೊಡಿ ಎಂದು ಶಿಕ್ಷಣ ಇಲಾಖೆಗೆ ಸೂಚಿಸಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಸಲಹೆ ಕೊಟ್ಟಿತು. ಆ ಚರ್ಚೆ ಎಲ್ಲಿಗೆ ಮುಟ್ಟುತ್ತದೋ ಮುಟ್ಟಲಿ. ಅಲ್ಲಿಯವರೆಗೆ ಸಮಾಜಕಾರ್ಯಕರ್ತೆ ಬರೆಯುವ ಸಾಮಾಜಿಕ ತನಿಖಾ ವರದಿಯಲ್ಲಿ ಜಾತಿಯ ಸಿಟ್ಟು ದಾಖಲಾಗುತ್ತದೆಯೇ? ‘ಮನೆಗೆ ಕಳಿಸಿದರೆ ಕೊಲ್ತಾರೆ’ ಎಂದು ಹುಡುಗಿ ಹೇಳಿದ್ದು ದಾಖಲಾಗುತ್ತದೆಯೇ? ‘ಪೋಷಕರು ಕರೆದುಕೊಂಡು ಹೋಗಲು ಸಿದ್ಧರಿದ್ದಾರೆ, ಒಪ್ಪಿಸಬಹುದು’ ಎಂಬ ಒಂದೇ ಸಾಲಿನಲ್ಲಿ ಅಪಾಯವನ್ನು ಒರೆಸಿಹಾಕುವುದು ಬರೆದವಳ ನೈತಿಕ ಕೃತ್ಯ. ಅದನ್ನು ಯಾವ ಕಾಯ್ದೆಯೂ ಅವಳಿಂದ ಬರೆಸಿಲ್ಲ.

ಹಾಗೆಂದು ಪ್ರೇಮ ಎಂಬ ಹೆಸರು ಕೊಟ್ಟರೆ ಎಲ್ಲವೂ ಪವಿತ್ರವಾಗುವುದಿಲ್ಲ. ಪಶ್ಚಿಮ ಬಂಗಾಳದ ಒಂದು ಪ್ರಕರಣ ಇದನ್ನು ತೋರಿಸುತ್ತದೆ. 2018ರಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಇಪ್ಪತ್ತೈದರವನ ಜೊತೆ ಮನೆ ಬಿಟ್ಟು ಹೋದಳು. ತಾಯಿ ದೂರು ಕೊಟ್ಟಳು, ಮೊಕದ್ದಮೆ ದಾಖಲಾಯಿತು. ವಿಶೇಷ ನ್ಯಾಯಾಲಯ ಅವನಿಗೆ ಇಪ್ಪತ್ತು ವರ್ಷ ಶಿಕ್ಷೆ ಕೊಟ್ಟಿತು. 2023ರಲ್ಲಿ ಕಲ್ಕತ್ತಾ ಹೈಕೋರ್ಟ್ ಹದಿಹರೆಯದ ಹುಡುಗಿಯರಿಗೆ ನೀತಿಬೋಧೆ ಮಾಡುತ್ತ ಅವನನ್ನು ಬಿಡುಗಡೆ ಮಾಡಿತು. ಸುಪ್ರೀಂ ಕೋರ್ಟ್ ಆ ಮಾತುಗಳನ್ನು ಖಂಡಿಸಿ 2024ರ ಆಗಸ್ಟ್ 20ರಂದು ಅಪರಾಧ ಸಾಬೀತಾಗಿದ್ದನ್ನು ಮತ್ತೆ ಎತ್ತಿಹಿಡಿಯಿತು. ಹದಿನಾಲ್ಕರ ಮಗುವಿನ ಮೇಲೆ ನಡೆದದ್ದನ್ನು ಪ್ರೇಮವೆಂದು ಕರೆಯಲು ಕೋರ್ಟ್ ಒಪ್ಪಲಿಲ್ಲ, ಅದು ಸರಿಯಾದ ಮಾತು.

ಆದರೆ ಅದೇ ಕೋರ್ಟ್ ಇನ್ನೊಂದು ಪ್ರಶ್ನೆ ಕೇಳಿತು: ದೂರು ದಾಖಲಾದ ಮೇಲೆ ಈ ಹುಡುಗಿಗೆ ಏನಾಯಿತು? ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ ಅವಳ ಆರೈಕೆ ನೋಡಬೇಕಾಗಿದ್ದ ವ್ಯವಸ್ಥೆ ತನ್ನ ಕೆಲಸ ಮಾಡಿರಲಿಲ್ಲ. ಹೆತ್ತವರು ಕೈಬಿಟ್ಟಿದ್ದರು. ಹೋಗಲು ಬೇರೆ ಜಾಗವಿಲ್ಲದ ಅವಳು ಅವನ ಮನೆಯಲ್ಲೇ ಆಸರೆ ಕಂಡುಕೊಂಡಳು, ಮಗುವಿನ ತಾಯಿಯಾದಳು, ಅವನನ್ನು ಬಿಡಿಸಲು ಕೋರ್ಟು ವಕೀಲರೆಂದು ವರ್ಷಗಟ್ಟಲೆ ಅಲೆದಳು. ಅವಳ ಸ್ಥಿತಿ ತಿಳಿಯಲು ಕೋರ್ಟ್ ತಜ್ಞರ ಸಮಿತಿ ನೇಮಿಸಿತು. 2025ರ ಮೇ 23ರಂದು, ವಿಶೇಷಾಧಿಕಾರದ 142ನೇ ವಿಧಿ ಬಳಸಿ, ಅವನಿಗೆ ಶಿಕ್ಷೆ ವಿಧಿಸದೆ ಬಿಟ್ಟಿತು. ಕಾನೂನಿನ ಕಣ್ಣಿಗೆ ಅದು ಅಪರಾಧ, ಆದರೆ ಆ ಹುಡುಗಿಯನ್ನು ಹೆಚ್ಚು ಘಾಸಿ ಮಾಡಿದ್ದು ಆಮೇಲಿನ ಪೊಲೀಸು, ಕೋರ್ಟು, ಅವನನ್ನು ಉಳಿಸಿಕೊಳ್ಳುವ ಹೋರಾಟ ಎಂದು ಕೋರ್ಟ್ ಗುರುತಿಸಿತು. ಸಮಾಜ ಅವಳ ಮೇಲೆ ತೀರ್ಪು ಕೊಟ್ಟಿತು, ಕಾನೂನು ವ್ಯವಸ್ಥೆ ಸೋತಿತು, ಸ್ವಂತ ಕುಟುಂಬ ಕೈಬಿಟ್ಟಿತು ಎಂದಿತು. ತಿಳಿದು ಆಯ್ಕೆ ಮಾಡುವ ಅವಕಾಶ ಅವಳಿಗೆ ಆಗ ಸಿಕ್ಕಿರಲೇ ಇಲ್ಲ.

ಈ ಪ್ರಕರಣವನ್ನು ಶಿಕ್ಷೆ ಆಗಬೇಕಿತ್ತೋ ಬೇಡವೋ ಎಂಬ ಚರ್ಚೆಗೆ ಸೀಮಿತಗೊಳಿಸುವುದು ದೊಡ್ಡ ನಷ್ಟ. ನಾನು ಅದನ್ನು ಸಮಾಜಕಾರ್ಯದ ವೈಫಲ್ಯದ ಕಡತವಾಗಿ ಓದುತ್ತೇನೆ. ದೂರು ಕೊಟ್ಟದ್ದಾಗಿತ್ತು. 19ನೇ ಕಲಮಿನ ಮೊದಲ ಸಾಲು ಪಾಲನೆಯಾಗಿತ್ತು. ನಮ್ಮ ತರಬೇತಿಗಳ ಪಾಠದ ಪ್ರಕಾರ ಅಲ್ಲಿ ಯಾರೂ ತಪ್ಪು ಮಾಡಿಲ್ಲ. ಹದಿನಾಲ್ಕರ ಹುಡುಗಿಯ ಪಕ್ಕದಲ್ಲಿ ಕೂತು, ‘ನಿನ್ನ ಮುಂದೆ ಇಂತಿಂಥ ದಾರಿಗಳಿವೆ, ಶಾಲೆಗೆ ವಾಪಸ್ ಹೋಗಬಹುದು, ಉಳಿಯಲು ಜಾಗವಿದೆ, ನಾವಿದ್ದೇವೆ’ ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳುವ ಒಬ್ಬರಿದ್ದಿದ್ದರೆ ಈ ಕಥೆ ಬೇರೆಯಾಗಬಹುದಿತ್ತು. ಅವಳು ಹತ್ತನೇ ತರಗತಿ ಮುಗಿಸಲು ನೆರವು ಕೊಡಿ ಎಂದು ಏಳು ವರ್ಷಗಳ ನಂತರ ಸುಪ್ರೀಂ ಕೋರ್ಟೇ ಹೇಳಬೇಕಾಗಿ ಬಂತು. ಅದು ಬ್ಲಾಕ್ ಮಟ್ಟದ ಒಬ್ಬ ಕಾರ್ಯಕರ್ತೆಯ ಕೆಲಸವಾಗಿತ್ತು.

ಇದಕ್ಕೆ ಎದುರಾಗಿ ಬರುವ ಗಟ್ಟಿಯಾದ ವಾದ ಒಂದಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ವಿವೇಚನೆ ಅಂತ ಬಾಗಿಲು ತೆರೆದರೆ ಅದೇ ಬಾಗಿಲಿನಿಂದ ಊರ ಗೌಡರು, ಪಂಚರು, ರಾಜಕೀಯದವರು ನುಗ್ಗುತ್ತಾರೆ. ಪುಡಿಗಾಸು ಕೊಟ್ಟು ರಾಜಿ ಮಾಡಿಸುತ್ತಾರೆ. ಕಠಿಣ ನಿಯಮವೇ ಬಡ ಕಾರ್ಯಕರ್ತೆಗೆ ರಕ್ಷಣೆ.’ ನಿಜ. ‘ಕಾಯ್ದೆ ಐತ್ರಿ, ನಾ ತಿಳಸಲೇಬೇಕು’ ಎಂದು ಹೇಳಿ ಪ್ರಭಾವಿಗಳ ಬಾಯಿ ಮುಚ್ಚಿಸಿದ ದಿಟ್ಟ ಹೆಣ್ಣುಮಕ್ಕಳಿದ್ದಾರೆ, ಆ ಆಸರೆ ಅವರಿಗಿರಲಿ. ಆದರೆ ನಾನು ವಿವೇಚನೆ ಕೇಳುತ್ತಿರುವುದು ತಿಳಿಸಬೇಕೇ ಬೇಡವೇ ಎಂಬಲ್ಲಿ ಅಲ್ಲ. ತಿಳಿಸುವ ಮೊದಲಿನ ಗಂಟೆಯಲ್ಲಿ, ತಿಳಿಸುವ ರೀತಿಯಲ್ಲಿ, ತಿಳಿಸಿದ ನಂತರದ ಎರಡು ಮೂರು ವರ್ಷಗಳಲ್ಲಿ. ಅಲ್ಲಿ ವಿವೇಚನೆ ಈಗಾಗಲೇ ನಡೆಯುತ್ತಿದೆ, ಯಾರಿಗೂ ಕಾಣದಂತೆ, ಯಾರ ಪರಿಶೀಲನೆಗೂ ಸಿಗದಂತೆ. ಅದನ್ನು ಕಾಗದದ ಮೇಲೆ ತನ್ನಿ ಎನ್ನುತ್ತೇನೆ. ಹುಡುಗಿಗೆ ಏನು ಹೇಳಲಾಯಿತು, ಅವಳು ಏನು ಬಯಸಿದಳು, ಅವಳ ಬಯಕೆಗೆ ವಿರುದ್ಧವಾಗಿ ನಡೆದಿದ್ದರೆ ಏಕೆ, ಆ ನಿರ್ಧಾರವನ್ನು ಯಾವ ಹಿರಿಯರ ಜೊತೆ ಚರ್ಚಿಸಲಾಯಿತು. ಇಷ್ಟನ್ನು ಬರೆದಿಡಬೇಕೆಂಬ ನಿಯಮವಿದ್ದರೆ ರಾಜಿ ಮಾಡಿಸುವವರಿಗೂ ಕಷ್ಟ, ಸೋಮಾರಿಗಳಿಗೂ ಕಷ್ಟ.

ಈ ತಪ್ಪನ್ನು ತಳಮಟ್ಟದ ಕಾರ್ಯಕರ್ತೆಯ ಹೆಗಲಿಗೆ ಮಾತ್ರ ಹೊರಿಸುವುದು ಅನ್ಯಾಯ. ಅವಳು ಗುತ್ತಿಗೆಯವಳು, ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ, ಓಡಾಟಕ್ಕೆ ಗಾಡಿ ಇಲ್ಲ. ಅವಳ ಮೇಲಿನವರು ಕೇಳುವುದು ಸಂಖ್ಯೆಯನ್ನು: ಈ ತ್ರೈಮಾಸಿಕದಲ್ಲಿ ಎಷ್ಟು ಬಾಲ್ಯವಿವಾಹ ತಡೆದಿರಿ, ಎಷ್ಟು ಮಕ್ಕಳನ್ನು ರಕ್ಷಿಸಿದಿರಿ? ಮದುವೆ ಚಪ್ಪರದ ಮುಂದೆ ಅಧಿಕಾರಿಗಳು ನಿಂತ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಆ ಹುಡುಗಿ ಆಮೇಲೆ ಶಾಲೆಗೆ ಹೋದಳೇ, ಪಕ್ಕದ ರಾಜ್ಯದ ದೇವಸ್ಥಾನದಲ್ಲಿ ಅದೇ ವರನಿಗೆ ಗುಟ್ಟಾಗಿ ಕೊಟ್ಟರೇ ಎಂದು ನೋಡಿಬರುವುದಕ್ಕೆ ಯೋಜನೆಯಲ್ಲಿ ಬಾಬ್ತು ಇಲ್ಲ. ಕರ್ನಾಟಕ ತನ್ನ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎಂದು ಸಾರಿದ ರಾಜ್ಯ. ಅಸಿಂಧುವಾದ ಆ ಮದುವೆಯಲ್ಲಿ ಆಗಲೇ ಬಸಿರಾದ ಹುಡುಗಿಯ ಊಟ, ಹೆರಿಗೆ, ಮಗುವಿನ ಹೆಸರು ಯಾರ ಜವಾಬ್ದಾರಿ ಎಂದು ಕೇಳಿದರೆ ಕಚೇರಿಯಿಂದ ಕಚೇರಿಗೆ ಕೈ ತೋರಿಸುತ್ತಾರೆ.

ವೃತ್ತಿಯೂ ತನ್ನ ಮನೆ ಕಟ್ಟಿಕೊಂಡಿಲ್ಲ. ಮುಂಬಯಿಯಲ್ಲಿ 1936ರಲ್ಲಿ ಸಮಾಜಕಾರ್ಯದ ಶಾಲೆ ಆರಂಭವಾಯಿತು, ಅದೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಮಂಗಳೂರಿನ ರೋಶನಿ ನಿಲಯಕ್ಕೆ ಅರವತ್ತು ವರ್ಷ ದಾಟಿದೆ. ಸಮಾಜಕಾರ್ಯಕರ್ತರ ನೀತಿ ಘೋಷಣೆಯೊಂದು 1997ರಲ್ಲೇ ಪ್ರಕಟವಾಗಿದೆ. ಹಾಗಿದ್ದರೂ ಆರೋಗ್ಯ ಕ್ಷೇತ್ರದ ಕೆಲವು ವಿಭಾಗಗಳನ್ನು ಬಿಟ್ಟರೆ ವಕೀಲರಿಗಿರುವಂಥ, ದಾದಿಯರಿಗಿರುವಂಥ ಶಾಸನಬದ್ಧ ಪರಿಷತ್ತು ಸಮಾಜಕಾರ್ಯಕ್ಕೆ ಇಲ್ಲ. ಗುಟ್ಟು ಮುರಿದವರ ಮೇಲೆ ದೂರು ಕೊಡಲು ಹುಡುಗಿಗೆ ಜಾಗವಿಲ್ಲ. ಗೌಡರ ಒತ್ತಡಕ್ಕೆ ಮಣಿಯದೆ ವರ್ಗಾವಣೆಗೊಂಡ, ಕೆಲಸ ಕಳೆದುಕೊಂಡ ಕಾರ್ಯಕರ್ತೆಯ ಪರವಾಗಿ ಮಾತಾಡಲು ಯಾರೂ ಇಲ್ಲ. ಯೋಚಿಸುವವರಿಗೆ ಬೆನ್ನಿಗೆ ನಿಲ್ಲುವವರಿಲ್ಲದ ಕಡೆ ಯೋಚಿಸದಿರುವುದೇ ಜಾಣತನ ಅನ್ನಿಸುವುದು ಸಹಜ. ಹಾಗಾಗಿ ನನ್ನ ಆರೋಪ ಮೊದಲು ನಿರ್ದೇಶಕರ ಮೇಲೆ, ಹಣ ಕೊಡುವ ಸಂಸ್ಥೆಗಳ ಮೇಲೆ, ಇಲಾಖೆಯ ಮೇಲೆ, ‘ಇದರಲ್ಲಿ ಏನೂ ಇಲ್ಲ’ ಎಂದು ಪಾಠ ಹೇಳುವ ತರಬೇತುದಾರರ ಮೇಲೆ.

2020ರ ಪೋಕ್ಸೊ ನಿಯಮಗಳಲ್ಲಿ ಬೆಂಬಲ ವ್ಯಕ್ತಿ ಎಂಬ ಒಂದು ಸ್ಥಾನವಿದೆ. ತನಿಖೆಯಿಂದ ವಿಚಾರಣೆ ಮುಗಿಯುವ ತನಕ ಮಗುವಿನ ಜೊತೆಗಿರಬೇಕಾದವರು ಅವರು. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿದೆ. ಹಾಗಿರುವಾಗ ಇಲಾಖೆಯ ಪ್ರಗತಿ ಪರಿಶೀಲನಾ ಸಭೆಯಲ್ಲಿ ಎಷ್ಟು ದೂರು ದಾಖಲಾಯಿತು ಎಂದು ಕೇಳುವ ಜಿಲ್ಲಾಧಿಕಾರಿ ಇನ್ನೂ ಮೂರು ಪ್ರಶ್ನೆ ಕೇಳಲಿ. ದಾಖಲಾದ ಪ್ರತಿ ದೂರಿಗೂ ಬೆಂಬಲ ವ್ಯಕ್ತಿ ನೇಮಕವಾಗಿದೆಯೇ, ಆ ವ್ಯಕ್ತಿ ಹೋದ ತಿಂಗಳು ಹುಡುಗಿಯನ್ನು ಕಂಡುಬಂದಿದ್ದಾರೆಯೇ, ಅವಳು ಈಗ ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿದ್ದಾಳೆ? ಹಣ ಕೊಡುವ ಸಂಸ್ಥೆಗಳೂ ತಮ್ಮ ನಮೂನೆಯಲ್ಲಿ ರಕ್ಷಿಸಿದವರ ಸಂಖ್ಯೆಯ ಪಕ್ಕ ಒಂದು ವರ್ಷದ ನಂತರ ಅವರು ಎಲ್ಲಿದ್ದಾರೆ ಎಂಬ ಅಂಕಣ ಸೇರಿಸಲಿ, ಅದನ್ನು ತುಂಬಲು ಬೇಕಾದ ಬಸ್ ಚಾರ್ಜನ್ನೂ ಸಂಬಳವನ್ನೂ ಕಾರ್ಯಕರ್ತೆಗೆ ಕೊಡಲಿ.